ಸಮೀಪ ಛಾಯಾಗ್ರಹಣದಲ್ಲಿ ಮಿಂಚುಬೆಳಕಿನ ಸಮತೆ

ಪೀಠಿಕೆ

ಜೀವಶಾಸ್ತ್ರದ ಅಧ್ಯಯನದಲ್ಲಿ ಛಾಯಾಚಿತ್ರಕ್ಕೆ ಸಾಕ್ಷ್ಯದ ಸ್ಥಾನವುಂಟು. ಒತ್ತಿ ಒಣಗಿಸಿದ ಹೂವು ಕೆಲವೇ ದಿನಗಳಲ್ಲಿ ತನ್ನ ಬಣ್ಣವನ್ನು ಕಳೆದುಕೊಳ್ಳುತ್ತದೆ. ಮದ್ಯಸಾರದಲ್ಲಿಟ್ಟ ಹುಳು ಬಿಳಿಚಿಕೊಳ್ಳುತ್ತದೆ. ಜೇಡವು ಸತ್ತೊಡನೆ ಕಾಲುಗಳನ್ನು ಮಡಿಸಿಕೊಳ್ಳುತ್ತದೆ. ಇವೆಲ್ಲ ಸಜೀವವಾಗಿದ್ದಾಗ ಹೇಗಿದ್ದುವೆಂಬುದನ್ನು ಮುಂದಿನ ಅಭ್ಯಾಸಿಗೆ ತಿಳಿಸಬಲ್ಲುದು ಚಿತ್ರವೊಂದೇ. ಹೀಗಿರಲು, ಆ ಚಿತ್ರವು ವಸ್ತುವಿನಲ್ಲಿ ಇಲ್ಲದುದನ್ನು ಇದೆಯೆಂದು ಹೇಳಿದರೆ ಅದರಿಂದಾಗುವ ಹಾನಿಯು ಚಿತ್ರವೇ ಇಲ್ಲದಿರುವುದರ ಹಾನಿಗಿಂತಲೂ ದೊಡ್ಡದು.

ಈ ಮಾತನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಒಮ್ಮೆ ನಮ್ಮ ವಿದ್ಯಾರ್ಥಿಗಳು ಒಂದೇ ಬಗೆಯ ಕಿರಿಯ ಜೀರುಂಡೆಗಳ ಎರಡು ಗುಂಪುಗಳನ್ನು ಬೇರೆ ಬೇರೆ ದಿನಗಳಲ್ಲಿ ಛಾಯಾಚಿತ್ರ ತೆಗೆದರು. ಮೊದಲ ಗುಂಪಿನ ಚಿತ್ರಗಳಲ್ಲಿ ಗಡುಸಾದ ಮೇಲ್ರೆಕ್ಕೆಗಳ ಹಿಂಭಾಗವು ಕಪ್ಪುಗಂದಾಗಿ ಕಂಡಿತು. ಎರಡನೆಯ ಗುಂಪಿನಲ್ಲಿ ಅದೇ ಭಾಗವು ಜೇನುಬಣ್ಣದ್ದಾಗಿತ್ತು. ಚಿತ್ರಗಳನ್ನು ಮಾತ್ರ ನೋಡಿ ನಾವು ಇದನ್ನು ನಿಜವಾದ ವ್ಯತ್ಯಾಸವೆಂದೇ ನಂಬಿ, ಒಂದು ಚಿಕ್ಕ ಟಿಪ್ಪಣಿಯನ್ನೂ ಬರೆದುಬಿಟ್ಟೆವು. ಅದನ್ನು ಕಳುಹಿಸುವ ಮುನ್ನ ಎರಡೂ ಗುಂಪಿನ ಹುಳುಗಳನ್ನು ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸವು ಮಾಯವಾಯಿತು. ಮೊದಲ ದಿನ ಹುಳುವಿನ ತಲೆ ದೀಪದ ಕಡೆಗಿತ್ತು. ಎರಡನೆಯ ದಿನ ಬಾಲದ ತುದಿ ದೀಪದ ಕಡೆಗಿತ್ತು. ನಾವು ವರ್ಣಿಸಿದ್ದು ಹುಳುವಿನ ಗುಣವನ್ನಲ್ಲ, ದೀಪದ ಗುಣವನ್ನು. ಟಿಪ್ಪಣಿಯನ್ನು ಹರಿದು ಹಾಕಿದೆವು. ಆದರೆ ದೀಪವನ್ನು ಕುರಿತು ಕ್ರಮವಾಗಿ ಯೋಚಿಸಲು ಅಂದು ಆರಂಭಿಸಿದೆವು.

ಆ ಯೋಚನೆಯ ಫಲವನ್ನು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಇಲ್ಲಿ ಸಂಗ್ರಹಿಸಿದ್ದೇವೆ. ಫ್ಲ್ಯಾಷ್ ಎಂದು ಎಲ್ಲರೂ ಕರೆಯುವ ಸಾಧನವನ್ನು ಮಿಂಚುದೀಪವೆಂದೂ, ಅದರ ಮುಂದೆ ಹಿಡಿದು ಬೆಳಕನ್ನು ಚದರಿಸುವ ಹಾಳೆಯನ್ನು ಚದರುಹಾಳೆಯೆಂದೂ ಕರೆದಿದ್ದೇವೆ.

ಮಿಂಚುದೀಪವೇ ಏಕೆ ಬೇಕು?

ಸಮೀಪದ ಛಾಯಾಗ್ರಹಣದಲ್ಲಿ ಬೆಳಕಿನ ಅಭಾವವು ಆಕಸ್ಮಿಕವಲ್ಲ. ಅದು ಮಸೂರದ ಗಣಿತದಲ್ಲಿಯೇ ಅಡಗಿದೆ. ವಸ್ತುವಿನ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿ ಮೂಡಬೇಕಾದರೆ, ಎಂದರೆ ವರ್ಧನೆಯು ೧ ಆಗಬೇಕಾದರೆ, ಮಸೂರವನ್ನು ಬಿಂಬತಲದಿಂದ ಬಹು ದೂರಕ್ಕೆ ಸರಿಸಬೇಕಾಗುತ್ತದೆ. ಆಗ ಮಸೂರದ ಮೇಲೆ ಎಫ್ ೧೬ ಎಂದು ಗುರುತು ಮಾಡಿದ ರಂಧ್ರವು ಪರಿಣಾಮದಲ್ಲಿ ಎಫ್ ೩೨ ಆಗಿ ಕೆಲಸಮಾಡುತ್ತದೆ. ಬಿಂಬವನ್ನು ಮುಟ್ಟುವ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾದರೆ ರಂಧ್ರವನ್ನು ಹಿಗ್ಗಿಸಬಾರದೇಕೆ ಎಂದು ವಾಚಕರು ಕೇಳಬಹುದು. ಹಿಗ್ಗಿಸಿದರೆ ಸ್ಫುಟತೆಯ ಆಳವು ಕುಗ್ಗುತ್ತದೆ. ೨೪ ಮತ್ತು ೩೬ ಮಿಲಿಮೀಟರು ಅಳತೆಯ ಬಿಂಬದಲ್ಲಿ ೦.೦೩ ಮಿಲಿಮೀಟರಿನ ಮಸುಕನ್ನು ಕಣ್ಣು ಕ್ಷಮಿಸುತ್ತದೆಂದು ಭಾವಿಸಿ ಲೆಕ್ಕ ಹಾಕಿದರೆ, ವರ್ಧನೆ ೧ ಇರುವಾಗ ಎಫ್ ೧೬ರಲ್ಲಿಯೂ ಸ್ಫುಟವಾಗಿ ಕಾಣುವ ಆಳ ಒಟ್ಟು ೨ ಮಿಲಿಮೀಟರುಗಳಿಗೆ ತುಸು ಕಡಿಮೆ. ಒಂದು ಸಾಧಾರಣ ನೊಣದ ಬೆನ್ನಿನಿಂದ ಕಾಲಿನ ತುದಿಯವರೆಗಿನ ಆಳವೇ ಇದಕ್ಕಿಂತ ಹೆಚ್ಚು. ರಂಧ್ರವನ್ನು ಇನ್ನೂ ಕುಗ್ಗಿಸಿ ಆಳವನ್ನು ಹೆಚ್ಚಿಸೋಣವೆಂದರೆ ವಿವರ್ತನೆಯು ಅಡ್ಡಬರುತ್ತದೆ: ಪರಿಣಾಮದ ರಂಧ್ರವು ಎಫ್ ೩೨ ಆಗಿರುವಾಗ ಹಸುರು ಬೆಳಕಿನ ಒಂದು ಬಿಂದುವು ಸುಮಾರು ೦.೦೪೩ ಮಿಲಿಮೀಟರು ವ್ಯಾಸದ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಹೀಗೆ ಒಂದು ಕಡೆ ಆಳದ ಅಗತ್ಯ, ಇನ್ನೊಂದು ಕಡೆ ವಿವರ್ತನೆಯ ಮಿತಿ. ಇವುಗಳ ನಡುವಿನ ಕಿರಿದಾದ ದಾರಿಯಲ್ಲಿ ನಡೆಯುವವನಿಗೆ ತೀವ್ರವಾದ ಬೆಳಕು ಬೇಕೇ ಬೇಕು.

ಚಲನೆಯೂ ಇಲ್ಲಿ ಶತ್ರು. ಗಾಳಿಗೆ ಹೂವು ಒಂದು ಮಿಲಿಮೀಟರು ಅಲುಗಿದರೆ ಬಿಂಬವೂ ಒಂದು ಮಿಲಿಮೀಟರು ಅಲುಗುತ್ತದೆ. ಮಿಂಚುದೀಪದ ಅಲ್ಪಾಯುಸ್ಸು ಇಲ್ಲಿ ವರವಾಗುತ್ತದೆ. ಚಿಕ್ಕ ಎಲೆಕ್ಟ್ರಾನಿಕ್ ಮಿಂಚುದೀಪವು ಪೂರ್ಣ ಶಕ್ತಿಯಲ್ಲಿ ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಬೆಳಗುತ್ತದೆ. ಶಕ್ತಿಯನ್ನು ಬಹಳವಾಗಿ ತಗ್ಗಿಸಿದರೆ ಹತ್ತು ಸಾವಿರದ ಒಂದು ಭಾಗಕ್ಕೂ ಇಳಿಯುತ್ತದೆ. ವಸ್ತುವು ಹತ್ತಿರವಿರುವುದರಿಂದ ಕಡಿಮೆ ಶಕ್ತಿಯೇ ಸಾಕಾಗಿ, ಈ ಅನುಕೂಲವು ನಮಗೆ ಸಹಜವಾಗಿಯೇ ಒದಗುತ್ತದೆ.

೧೮೮೭ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬುವರು ಮೆಗ್ನೀಸಿಯಮ್ ಪುಡಿಯ ಮಿಂಚುಬೆಳಕನ್ನು ಬಳಕೆಗೆ ತಂದರು. ಹೊಗೆ, ಬೂದಿ ಮತ್ತು ಅಪಾಯಗಳಿಂದ ಕೂಡಿದ ಆ ಬೆಳಕನ್ನು ಹುಳುವಿನ ಹತ್ತಿರಕ್ಕೆ ಒಯ್ಯುವಂತಿರಲಿಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರು ಅನಿಲ ತುಂಬಿದ ನಳಿಗೆಯಲ್ಲಿ ವಿದ್ಯುತ್ತನ್ನು ಹರಿಯಿಸಿ ಕ್ಷಣಮಾತ್ರದ ಮಿಂಚನ್ನು ಮತ್ತೆ ಮತ್ತೆ ಪಡೆಯುವ ವಿಧಾನವನ್ನು ಬೆಳೆಸಿದರು. ಇಂದಿನ ಮಿಂಚುದೀಪಗಳೆಲ್ಲವೂ ಆ ಮಾರ್ಗದವೇ. ಇತ್ತೀಚಿನ ಎಲ್‌ಇಡಿ ದೀಪಗಳು ಬಿಸಿಯಿಲ್ಲದವು. ಪಿನ್ನಿಗೆ ಚುಚ್ಚಿಟ್ಟ ಮಾದರಿಗಳಿಗೆ ಅವು ಸಾಕು. ಆದರೆ ಜೀವಂತವಾಗಿ ಅಲುಗಾಡುವ ವಸ್ತುವಿಗೆ ಮಿಂಚುದೀಪವೇ ಇನ್ನೂ ಮೇಲು.

ಅಸಮತೆಯ ಮೊದಲ ಕಾರಣ: ದೂರ

ಬೆಳಕಿನ ಪ್ರಮಾಣವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಆದರೆ ಈ ನಿಯಮವು ಕೋಣೆಯ ಅಳತೆಯಲ್ಲಿ ತೋರುವ ಮುಖವೇ ಬೇರೆ, ಅಂಗೈಯ ಅಳತೆಯಲ್ಲಿ ತೋರುವ ಮುಖವೇ ಬೇರೆ.

ಐದು ಸೆಂಟಿಮೀಟರು ಅಗಲದ ಒಂದು ಹೂವನ್ನು ತೆಗೆದುಕೊಳ್ಳೋಣ. ಚಿಕ್ಕ ದೀಪವು ಅದರ ಹತ್ತಿರದ ಅಂಚಿನಿಂದ ೧೦೦ ಸೆಂಟಿಮೀಟರು ದೂರದಲ್ಲಿದ್ದರೆ, ದೂರದ ಅಂಚು ೧೦೫ ಸೆಂಟಿಮೀಟರು ಆಚೆಗಿರುತ್ತದೆ. ಎರಡು ಅಂಚುಗಳಿಗೆ ಬೀಳುವ ಬೆಳಕಿನ ಅನುಪಾತವು ಸುಮಾರು ೧.೧೦, ಕಣ್ಣು ಇದನ್ನು ಗಮನಿಸುವುದೇ ಕಷ್ಟ. ಅದೇ ದೀಪವನ್ನು ೧೦ ಸೆಂಟಿಮೀಟರಿಗೆ ತಂದರೆ ದೂರಗಳು ೧೦ ಮತ್ತು ೧೫, ಅವುಗಳ ವರ್ಗಗಳು ೧೦೦ ಮತ್ತು ೨೨೫, ಅನುಪಾತವು ೨.೨೫. ಎಂದರೆ ಹೂವಿನ ಒಂದು ಬದಿಗೆ ಬೀಳುವ ಬೆಳಕು ಇನ್ನೊಂದು ಬದಿಗೆ ಬೀಳುವುದರ ಎರಡು ಪಟ್ಟಿಗಿಂತಲೂ ಹೆಚ್ಚು. ಛಾಯಾಗ್ರಾಹಕರ ಭಾಷೆಯಲ್ಲಿ ಇದು ಒಂದು ಸ್ಟಾಪಿಗೂ ಮಿಕ್ಕ ವ್ಯತ್ಯಾಸ. ನಮ್ಮ ಜೀರುಂಡೆಗಳ ಹಿಂಭಾಗವನ್ನು ಕಪ್ಪಾಗಿಸುವುದರಲ್ಲಿ ಮೊದಲ ಕೈ ಈ ನಿಯಮದ್ದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ದೀಪದ ಶಕ್ತಿಯನ್ನು ಹೆಚ್ಚಿಸಿದರೂ ತಗ್ಗಿಸಿದರೂ ೨.೨೫ ಎಂಬ ಅನುಪಾತವು ಬದಲಾಗುವುದಿಲ್ಲ. ಸಮತೆಯು ಬೆಳಕಿನ ಬಲದ ಪ್ರಶ್ನೆಯಲ್ಲ. ಅದು ರೇಖಾಗಣಿತದ ಪ್ರಶ್ನೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ಇದರಿಂದಲೇ ಹೊರಡುತ್ತದೆ.

ಇದೇ ನಿಯಮವು ಹಿನ್ನೆಲೆಯನ್ನೂ ಕಾಡುತ್ತದೆ. ದೀಪದಿಂದ ೧೫ ಸೆಂಟಿಮೀಟರು ದೂರದ ಹೂವು ಚೆನ್ನಾಗಿ ಬೆಳಗಿದಾಗ, ೬೦ ಸೆಂಟಿಮೀಟರು ದೂರದ ಪೊದೆಗೆ ಅದರ ಹದಿನಾರನೆಯ ಒಂದು ಭಾಗದ ಬೆಳಕು ಮಾತ್ರ ತಲಪುತ್ತದೆ. ಹಾಡುಹಗಲಲ್ಲಿ ತೆಗೆದ ಹೂವಿನ ಚಿತ್ರವು ನಡುರಾತ್ರಿಯಲ್ಲಿ ಅರಳಿದಂತೆ ಕಾಣುವುದು ಇದರಿಂದಲೇ. ಹೂವಿನ ಹಿಂದೆ ನಾಲ್ಕಾರು ಸೆಂಟಿಮೀಟರು ಅಂತರದಲ್ಲಿ ಒಂದು ಎಲೆಯನ್ನೋ ಬೂದುಬಣ್ಣದ ರಟ್ಟನ್ನೋ ಹಿಡಿದರೆ ಈ ದೋಷವು ನೀಗುತ್ತದೆ.

ಎರಡನೆಯ ಕಾರಣ: ಓರೆ

ದೂರವೊಂದೇ ಅಪರಾಧಿಯಲ್ಲ. ತಲಕ್ಕೆ ನೇರವಾಗಿ ಬೀಳುವ ಬೆಳಕಿಗಿಂತ ಓರೆಯಾಗಿ ಬೀಳುವ ಬೆಳಕು ಹೆಚ್ಚು ವಿಸ್ತಾರದ ಮೇಲೆ ಹರಡಿ ತೆಳುವಾಗುತ್ತದೆ. ಲಂಬದಿಂದ ೬೦ ಡಿಗ್ರಿ ಓರೆಯಾದಾಗ ಅದು ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ೯೦ ಡಿಗ್ರಿಯಲ್ಲಿ ಶೂನ್ಯ. ಜೀರುಂಡೆಯ ಬೆನ್ನು ಗುಮ್ಮಟದಂತೆ ಬಾಗಿರುವುದರಿಂದ, ದೀಪವು ಎಷ್ಟೇ ದೂರದಲ್ಲಿದ್ದರೂ, ಸೂರ್ಯನೇ ದೀಪವಾದರೂ, ಆ ಬೆನ್ನಿನ ಒಂದು ಪಾರ್ಶ್ವವು ಕತ್ತಲಾಗಲೇ ಬೇಕು. ಆದಕಾರಣ ದೀಪವನ್ನು ದೂರ ಸರಿಸುವುದು ಮೊದಲ ಕಾರಣಕ್ಕೆ ಮದ್ದೇ ಹೊರತು ಎರಡನೆಯದಕ್ಕಲ್ಲ. ಎರಡನೆಯದಕ್ಕೆ ಬೆಳಕು ಹಲವು ದಿಕ್ಕುಗಳಿಂದ ಬರಬೇಕು.

ಇವೆರಡರ ಜೊತೆಗೆ ಯಂತ್ರದ ಮೈಯಿಂದಲೇ ಹುಟ್ಟುವ ತೊಡಕೊಂದಿದೆ. ಕ್ಯಾಮೆರಾದ ನೆತ್ತಿಯ ಮೇಲೆ ಕುಳಿತ ಮಿಂಚುದೀಪವು ಕೆಲವು ಮೀಟರು ದೂರದ ಮನುಷ್ಯರಿಗಾಗಿ ಹವಣಿಸಿದ್ದು. ವಸ್ತುವು ಮಸೂರದ ತುದಿಯಿಂದ ಒಂದು ಗೇಣಿನೊಳಗೆ ಬಂದಾಗ ದೀಪದ ಕಿರಣಗಳು ಅದರ ತಲೆಯ ಮೇಲಿಂದ ಹಾದುಹೋಗುತ್ತವೆ. ಕೆಳಮುಖವಾಗಿ ಬರುವ ಕಿರಣಗಳನ್ನು ಮಸೂರದ ಕೊಳವೆಯೇ ತಡೆದು ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ನೆರಳನ್ನು ಬೀರುತ್ತದೆ. ದೀಪವನ್ನು ಕ್ಯಾಮೆರಾದಿಂದ ಬಿಡಿಸಿ, ತಂತಿಯ ಇಲ್ಲವೆ ನಿಸ್ತಂತು ಸಾಧನದ ಸಹಾಯದಿಂದ ಮಸೂರದ ತುದಿಯ ಬಳಿಗೆ ತರುವುದು ಸುಧಾರಣೆಯ ಮೊದಲ ಹೆಜ್ಜೆ. ನಾಭಿದೂರ ಹೆಚ್ಚಾಗಿರುವ ಸಮೀಪಮಸೂರವನ್ನು ಬಳಸಿದರೆ ಮಸೂರಕ್ಕೂ ವಸ್ತುವಿಗೂ ನಡುವೆ ಹೆಚ್ಚು ಎಡೆ ದೊರೆತು ದೀಪಕ್ಕೆ ಜಾಗವಾಗುತ್ತದೆ.

ದೀಪದ ಗಾತ್ರವೆಂದರೇನು?

ಮೃದುವಾದ ಬೆಳಕು, ಗಡುಸಾದ ಬೆಳಕು ಎಂಬ ಮಾತುಗಳು ಛಾಯಾಗ್ರಾಹಕರಲ್ಲಿ ರೂಢಿಯಲ್ಲಿವೆ. ಇವುಗಳ ಹಿಂದಿರುವ ತತ್ತ್ವ ಸರಳವಾದುದು. ನೆರಳಿನ ಅಂಚು ಮೃದುವಾಗುವುದು ದೀಪದ ನಿಜವಾದ ಗಾತ್ರದಿಂದಲ್ಲ; ವಸ್ತುವಿನ ಬಳಿ ನಿಂತು ನೋಡಿದಾಗ ದೀಪವು ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದರಿಂದ. ಸೂರ್ಯನ ವ್ಯಾಸ ಸುಮಾರು ೧೪ ಲಕ್ಷ ಕಿಲೋಮೀಟರು. ಆದರೂ ನಮ್ಮ ಕಣ್ಣಿಗೆ ಅವನು ಅರ್ಧ ಡಿಗ್ರಿಯಷ್ಟೇ ಅಗಲ. ಆದ್ದರಿಂದಲೇ ಬಿಸಿಲಿನ ನೆರಳು ಗಡುಸು. ಮೋಡ ಕವಿದ ದಿನ ಇಡೀ ಆಕಾಶವೇ ದೀಪವಾಗುತ್ತದೆ. ಆಗ ನೆರಳೇ ಕಾಣದು. ಹಾಗೆಯೇ ಐದಾರು ಸೆಂಟಿಮೀಟರು ಅಗಲದ ಮಿಂಚುದೀಪದ ಮುಖವು ಮೂರು ಮೀಟರು ದೂರದ ಮನುಷ್ಯನಿಗೆ ಬರಿಯ ಚುಕ್ಕೆ. ಹತ್ತು ಸೆಂಟಿಮೀಟರು ದೂರದ ಇರುವೆಗೆ ಅದು ಒಂದು ಕಿಟಕಿ. ಅದರ ಮುಂದೆ ಅಂಗೈಯಗಲದ ಚದರುಹಾಳೆಯನ್ನು ಹಿಡಿದರೆ ಇರುವೆಯ ಪಾಲಿಗೆ ಅದೇ ಆಕಾಶ.

ಇಲ್ಲಿ ಒಂದು ವಿರೋಧ ತೋರಿಬರುತ್ತದೆ. ದೂರದ ನಿಯಮವು ದೀಪವನ್ನು ಹಿಂದಕ್ಕೆ ಸರಿಸೆನ್ನುತ್ತದೆ. ಮೃದುತ್ವದ ನಿಯಮವು ಮುಂದಕ್ಕೆ ತರಲು ಹೇಳುತ್ತದೆ. ಯಾವುದನ್ನು ಕೇಳಬೇಕು? ಈ ಗಂಟನ್ನು ಬಿಡಿಸುವ ಸಂಗತಿಯೆಂದರೆ, ವಿಲೋಮವರ್ಗದ ನಿಯಮವು ಚುಕ್ಕೆಯಂತಹ ದೀಪಕ್ಕೆ ಮಾತ್ರ ಪೂರ್ತಿಯಾಗಿ ಅನ್ವಯಿಸುತ್ತದೆ ಎಂಬುದು. ೧೦ ಸೆಂಟಿಮೀಟರು ತ್ರಿಜ್ಯದ, ಸಮವಾಗಿ ಬೆಳಗುವ ದುಂಡು ಚದರುಹಾಳೆಯೊಂದನ್ನು ಭಾವಿಸೋಣ. ಅದರ ಅಕ್ಷದ ಮೇಲೆ ೧೦ ಸೆಂಟಿಮೀಟರು ಮತ್ತು ೧೫ ಸೆಂಟಿಮೀಟರು ದೂರಗಳಲ್ಲಿ ಬೀಳುವ ಬೆಳಕಿನ ಅನುಪಾತವನ್ನು ಲೆಕ್ಕ ಹಾಕಿದರೆ ೨.೨೫ಕ್ಕೆ ಬದಲಾಗಿ ಸುಮಾರು ೧.೬೩ ಬರುತ್ತದೆ. ಒಂದು ಸೆಂಟಿಮೀಟರು ಎತ್ತರದ ಹುಳುವಿನ ಬೆನ್ನು ೧೦ ಸೆಂಟಿಮೀಟರಿನಲ್ಲಿಯೂ ಕಾಲು ೧೧ ಸೆಂಟಿಮೀಟರಿನಲ್ಲಿಯೂ ಇದ್ದರೆ ಚುಕ್ಕೆದೀಪದ ಅನುಪಾತ ೧.೨೧; ಚದರುಹಾಳೆಯದು ೧.೧೧. ದೀಪವು ವಸ್ತುವಿಗೆ ಹೋಲಿಸಿದರೆ ದೊಡ್ಡದಾದಷ್ಟೂ ಬೆಳಕಿನ ಇಳಿತ ನಿಧಾನವಾಗುತ್ತದೆ. ಹೀಗೆ ದೊಡ್ಡ ಚದರುಹಾಳೆಯನ್ನು ಹತ್ತಿರ ತಂದಾಗ ಎರಡೂ ಲಾಭಗಳು ಒಟ್ಟಿಗೆ ದೊರೆಯುತ್ತವೆ. ವಿರೋಧವಿದ್ದುದು ಚಿಕ್ಕ ದೀಪದಲ್ಲಿ ಮಾತ್ರ.

ಆದರೆ 'ಸಮವಾಗಿ ಬೆಳಗುವ' ಎಂಬ ವಿಶೇಷಣವನ್ನು ಮರೆಯಬಾರದು. ಹಾಳೆಯನ್ನು ದೀಪದ ಮುಖಕ್ಕೆ ಅಂಟಿಸಿಬಿಟ್ಟರೆ ಅದರ ನಡುಭಾಗ ಮಾತ್ರ ಉರಿದು ಅಂಚುಗಳು ಮಂಕಾಗಿರುತ್ತವೆ. ಆಗ ದೀಪದ ಗಾತ್ರವು ಆ ಉರಿಯುವ ಭಾಗದಷ್ಟೇ. ದೀಪಕ್ಕೂ ಹಾಳೆಗೂ ನಡುವೆ ಕೆಲವು ಸೆಂಟಿಮೀಟರುಗಳ ಎಡೆಯಿರಬೇಕು. ಹಾಳೆಗೆ ಬೆಲೆಬಾಳುವ ವಸ್ತು ಬೇಕಿಲ್ಲ. ನಕ್ಷೆ ಬರೆಯುವ ಟ್ರೇಸಿಂಗ್ ಕಾಗದ, ತೆಳುವಾದ ಬಿಳಿ ಮಲ್ಲು ಬಟ್ಟೆ, ಹಾಲುಬಣ್ಣದ ಪ್ಲಾಸ್ಟಿಕ್ಕು ಇವುಗಳಲ್ಲಿ ಯಾವುದಾದರೂ ಆದೀತು. ಬೆಣ್ಣೆಕಾಗದವು ಬೆಳಕಿಗೆ ತುಸು ಹಳದಿಯನ್ನು ಬೆರೆಸಬಹುದಾದುದರಿಂದ ಬಣ್ಣದ ಅಧ್ಯಯನಕ್ಕೆ ಮುನ್ನ ಬೂದು ರಟ್ಟಿನ ಚಿತ್ರವೊಂದನ್ನು ತೆಗೆದು ಪರೀಕ್ಷಿಸುವುದು ಕ್ಷೇಮ.

ದೀಪಗಳ ಕೆಲವು ಜೋಡಣೆಗಳು

ಒಂದೇ ದೀಪವಿರುವವರು ವಸ್ತುವಿನ ಎದುರು ಬದಿಯಲ್ಲಿ ಬಿಳಿಯ ರಟ್ಟನ್ನೋ ಥರ್ಮಾಕೋಲಿನ ತುಂಡನ್ನೋ ಚಿತ್ರದ ಚೌಕಟ್ಟಿನೊಳಗೆ ಬಾರದಂತೆ ಆದಷ್ಟು ಸಮೀಪದಲ್ಲಿ ನಿಲ್ಲಿಸಬೇಕು. ವಸ್ತುವನ್ನು ದಾಟಿ ವ್ಯರ್ಥವಾಗಿ ಹೋಗುತ್ತಿದ್ದ ಬೆಳಕು ಹಿಂದಿರುಗಿ ಬಂದು ನೆರಳಿನ ಬದಿಯನ್ನು ತುಂಬುತ್ತದೆ.

ಎರಡು ದೀಪಗಳಿದ್ದರೆ ಅವುಗಳನ್ನು ಇಬ್ಬದಿಗೆ ಸಮಾನ ದೂರದಲ್ಲಿಡುವುದು ಉತ್ತಮ. ಒಂದರ ಇಳಿತವನ್ನು ಇನ್ನೊಂದರ ಏರಿಕೆಯು ಸರಿದೂಗಿಸುತ್ತದೆ. ಹಿಂದಿನ ಐದು ಸೆಂಟಿಮೀಟರಿನ ಹೂವಿಗೆ ಎರಡೂ ಬದಿಗಳಲ್ಲಿ ೧೦ ಸೆಂಟಿಮೀಟರು ದೂರದಲ್ಲಿ ದೀಪಗಳನ್ನಿಟ್ಟರೆ, ಓರೆಯ ಪರಿಣಾಮವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ಅಂಚಿಗೂ ನಡುವಿಗೂ ಇರುವ ಅನುಪಾತವು ಸುಮಾರು ೧.೧೩ಕ್ಕೆ ಇಳಿಯುತ್ತದೆ. ಆದರೆ ಎದ್ದುನಿಂತ ಕೇಸರಗಳಿಗೂ ಮೀಸೆಗಳಿಗೂ ಎರಡೆರಡು ನೆರಳುಗಳು ಹುಟ್ಟುವುದು ಈ ಜೋಡಣೆಯ ದೋಷ. ಚದರುಹಾಳೆಗಳನ್ನು ಬಳಸಿದರೆ ಆ ನೆರಳುಗಳು ಕರಗುತ್ತವೆ.

ಮಸೂರದ ಸುತ್ತ ಬಳೆಯಂತೆ ಕೂಡುವ ಉಂಗುರದೀಪವು ಮೂರನೆಯ ಮಾರ್ಗ. ಇದನ್ನು ೧೯೫೨ರಲ್ಲಿ ಲೆಸ್ಟರ್ ಡೈನ್ ಎಂಬುವರು ಹಲ್ಲುಗಳ ಛಾಯಾಚಿತ್ರಕ್ಕಾಗಿ ನಿರ್ಮಿಸಿದರು. ಬಾಯಿಯಂತಹ ಗುಹೆಯೊಳಗೆ ನೆರಳಿಲ್ಲದ ಬೆಳಕನ್ನು ಹಾಯಿಸಲು ಬೇರೆ ಉಪಾಯವಿರಲಿಲ್ಲ. ೧೯೬೨ರಲ್ಲಿ ನಿಕಾನ್ ಸಂಸ್ಥೆಯು ಉಂಗುರದೀಪವನ್ನು ತನ್ನಲ್ಲೇ ಅಡಗಿಸಿಕೊಂಡ ೨೦೦ ಮಿಲಿಮೀಟರು ನಾಭಿದೂರದ ವೈದ್ಯಕೀಯ ಮಸೂರವನ್ನು ಹೊರತಂದಿತು. ಆಳವಾದ ಹೂಗೊಳವೆಯ ಒಳಭಾಗವನ್ನು ನೋಡಬೇಕಾದಾಗ ಈ ದೀಪಕ್ಕೆ ಸಾಟಿಯಿಲ್ಲ. ಆದರೆ ಬೆಳಕು ನೋಟದ ದಿಕ್ಕಿನಿಂದಲೇ ಬರುವುದರಿಂದ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗುತ್ತವೆ. ಹೊಳೆಯುವ ಮೈಯ ಮೇಲೆ ಉಂಗುರದ ಬಿಂಬವು ಅಚ್ಚೊತ್ತಿದಂತೆ ಮೂಡುತ್ತದೆ. ಅಜ್ಞಾತ ಓದುಗನು ಅದನ್ನು ಹುಳುವಿನ ಮಚ್ಚೆಯೆಂದು ಭಾವಿಸಿದರೆ ತಪ್ಪು ಅವನದಲ್ಲ.

ಹೊಳೆಯುವ ಮೈಯ ಸಮಸ್ಯೆ

ಹಳ್ಳಿಯ ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುವ ಜೀರ್ಜಿಂಬೆಯನ್ನು ನೋಡದವರು ಯಾರು? ಅದರ ರೆಕ್ಕೆಯ ಹಸುರು ಬಣ್ಣವು ಎಲೆಯ ಹಸುರಿನಂತೆ ವರ್ಣದ್ರವ್ಯದಿಂದ ಬಂದುದಲ್ಲ. ಬಹು ತೆಳುವಾದ ಪದರಗಳು ಒಂದರ ಮೇಲೊಂದು ಜೋಡಿಸಿಕೊಂಡು ಆಯ್ದ ತರಂಗಗಳನ್ನು ಮಾತ್ರ ಪ್ರತಿಫಲಿಸುವುದರಿಂದ ಬಂದುದು. ಇಂತಹ ಮೈ ಕನ್ನಡಿಯಂತೆ ವರ್ತಿಸುತ್ತದೆ. ಕನ್ನಡಿಗೆ ತನ್ನದೆಂಬ ಬೆಳಕಿಲ್ಲ. ಎದುರಿಗಿದ್ದುದನ್ನು ತೋರಿಸುವುದಷ್ಟೇ ಅದರ ಧರ್ಮ. ಎದುರಿಗೆ ಚಿಕ್ಕ ದೀಪವಿದ್ದರೆ ಒಂದು ಕಣ್ಣುಕುಕ್ಕುವ ಚುಕ್ಕೆಯನ್ನೂ ಉಳಿದೆಡೆ ಕತ್ತಲನ್ನೂ ತೋರಿಸುತ್ತದೆ. ಅದಕ್ಕೆ ಸಮವಾದ ಬೆಳಕನ್ನು ಕೊಡಬೇಕೆಂದರೆ ಸುತ್ತಲೂ ಬೆಳ್ಳಗಿನ ಆಕಾಶವನ್ನೇ ನಿರ್ಮಿಸಬೇಕು. ತಳ ಕತ್ತರಿಸಿದ ಹಾಲುಬಣ್ಣದ ಲೋಟವನ್ನು ಹುಳುವಿನ ಮೇಲೆ ಬೋರಲಾಗಿ ಕವಿಸಿ, ಮೇಲಿನ ತೂತಿನಿಂದ ಮಸೂರವು ಇಣುಕುವಂತೆ ಮಾಡಿ, ಹೊರಗಿನಿಂದ ಎರಡು ಬದಿಗಳಲ್ಲಿ ದೀಪಗಳನ್ನು ಮಿಂಚಿಸಿದರೆ ಈ ಕಾರ್ಯವು ಸುಲಭವಾಗಿ ಸಿದ್ಧಿಸುತ್ತದೆ.

ಹೊಳಪನ್ನು ಅಳಿಸಲು ಧ್ರುವೀಕರಣದ ಉಪಾಯವೂ ಇದೆ. ದೀಪದ ಮುಂದೆ ಒಂದು ಧ್ರುವಕ ಹಾಳೆಯನ್ನೂ ಮಸೂರದ ಮುಂದೆ ಇನ್ನೊಂದನ್ನೂ ಇಟ್ಟು, ಅವುಗಳ ಅಕ್ಷಗಳು ಪರಸ್ಪರ ಲಂಬವಾಗುವಂತೆ ತಿರುಗಿಸಿದರೆ ಮೇಲ್ಮೈಯಿಂದ ಚಿಮ್ಮುವ ಹೊಳಪು ಮಾಯವಾಗಿ, ಒಳಹೊಕ್ಕು ಚದರಿ ಬಂದ ಬೆಳಕು ಮಾತ್ರ ಉಳಿಯುತ್ತದೆ. ಚದರುಹಾಳೆಯು ಧ್ರುವೀಕರಣವನ್ನು ಕೆಡಿಸುವುದರಿಂದ ಧ್ರುವಕ ಹಾಳೆಯನ್ನು ಅದರಾಚೆ, ವಸ್ತುವಿನ ಕಡೆಗೆ, ಇಡಬೇಕು. ಬೆಳಕಿನಲ್ಲಿ ಉಳಿಯುವುದು ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೇಣದ ಹೊಳಪುಳ್ಳ ಎಲೆ, ಒದ್ದೆಯಾದ ಕಪ್ಪೆಯ ಚರ್ಮ ಇವುಗಳಿಗೆ ಈ ಉಪಾಯವು ಉತ್ತಮ. ಆದರೆ ಜೀರ್ಜಿಂಬೆಯ ಬಣ್ಣವೇ ಪ್ರತಿಫಲನದಿಂದ ಹುಟ್ಟಿದುದಾದ್ದರಿಂದ ಹೊಳಪಿನೊಡನೆ ಬಣ್ಣವೂ ಅಡಗಿ, ಹುಳು ಕಪ್ಪಾಗಿ ನಿಲ್ಲುತ್ತದೆ. ರೋಗದೊಡನೆ ರೋಗಿಯನ್ನೂ ಕಳೆದಂತೆ! ವಸ್ತುವಿನ ಬಣ್ಣ ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯದೆ ದೀಪವನ್ನು ಹೂಡಬಾರದೆಂಬುದಕ್ಕೆ ಇದು ನಿದರ್ಶನ.

ಸಮತೆಯನ್ನು ಅಳೆಯುವ ಬಗೆ

ಸಮತೆಯ ವಿಷಯದಲ್ಲಿ ಕಣ್ಣನ್ನು ನಂಬಲಾಗದು. ನಿಧಾನವಾಗಿ ಏರಿಳಿಯುವ ಬೆಳಕನ್ನು ಕಣ್ಣು ತನ್ನಷ್ಟಕ್ಕೆ ತಾನೇ ಸರಿಪಡಿಸಿಕೊಂಡುಬಿಡುತ್ತದೆ. ಅಳತೆಯೇ ಗತಿ. ಫಿಲ್ಮಿನ ಕಾಲದಲ್ಲಿ ಇದಕ್ಕಾಗಿ ಕತ್ತಲಕೋಣೆಯ ಶ್ರಮವನ್ನು ಪಡಬೇಕಾಗಿತ್ತು. ಈಗ ಎರಡು ನಿಮಿಷಗಳ ಕೆಲಸ.

ವಸ್ತುವನ್ನಿಡುವ ಜಾಗದಲ್ಲಿ ಹೊಳಪಿಲ್ಲದ ಬಿಳಿಯ ಕಾಗದವನ್ನಿಟ್ಟು, ಅದು ಪೂರ್ತಿ ಬೆಳ್ಳಗಾಗದಂತೆ ದೀಪದ ಶಕ್ತಿಯನ್ನು ತಗ್ಗಿಸಿ ಚಿತ್ರ ತೆಗೆಯಬೇಕು. ಬಳಿಕ ಗಣಕಯಂತ್ರದಲ್ಲಿ ನಾಲ್ಕು ಮೂಲೆಗಳ ಮತ್ತು ನಡುವಿನ ಅಂಕಿಗಳನ್ನು ಹೋಲಿಸಬೇಕು. ಸಂಸ್ಕರಿಸಿದ ಸಾಮಾನ್ಯ ಚಿತ್ರದಲ್ಲಿ ಅಂಕಿಗಳು ಬೆಳಕಿನ ನೇರ ಅನುಪಾತದಲ್ಲಿ ಇರುವುದಿಲ್ಲ. ಕ್ಯಾಮೆರಾವು ಸಂಸ್ಕರಿಸದೆ ಕೊಡುವ ಕಚ್ಚಾ ಅಂಕಿಗಳನ್ನೇ ಬಳಸಬೇಕು. ಮೂಲೆಗೂ ನಡುವಿಗೂ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದರೆ ನಾವು ದೀಪಗಳನ್ನು ಮತ್ತೆ ಹೊಂದಿಸುತ್ತೇವೆ. ಮಾದರಿಗಳ ಸಾಲನ್ನು ತೆಗೆಯುವಾಗ ದೀಪದ ಶಕ್ತಿಯನ್ನು ಕೈಯಿಂದಲೇ ಗೊತ್ತುಮಾಡಿ ಕೊನೆಯವರೆಗೂ ಬದಲಿಸಬಾರದು. ತಾನೇ ಅಳೆದುಕೊಳ್ಳುವ ದೀಪವು ಕಪ್ಪು ಹುಳುವಿಗೆ ಹೆಚ್ಚು ಬೆಳಕನ್ನೂ ಬಿಳಿಯ ಹುಳುವಿಗೆ ಕಡಿಮೆ ಬೆಳಕನ್ನೂ ಕೊಟ್ಟು ಎರಡನ್ನೂ ಬೂದುಬಣ್ಣಕ್ಕೆ ಎಳೆಯುತ್ತದೆ.

ಉಳಿದ ಅಸಮತೆಯನ್ನು ಗಣಿತದಿಂದ ತೊಡೆಯಲೂ ಸಾಧ್ಯ. ವಸ್ತುವಿನ ಚಿತ್ರದ ಪ್ರತಿಯೊಂದು ಬಿಂದುವಿನ ಅಂಕಿಯನ್ನೂ ಬಿಳಿಯ ಕಾಗದದ ಚಿತ್ರದ ಅದೇ ಬಿಂದುವಿನ ಅಂಕಿಯಿಂದ ಭಾಗಿಸಿದರೆ ಸಾಕು. ಖಗೋಳವಿಜ್ಞಾನಿಗಳೂ ಸೂಕ್ಷ್ಮದರ್ಶಕದಲ್ಲಿ ಕೆಲಸಮಾಡುವವರೂ ಈ ಕ್ರಮವನ್ನು ನಿತ್ಯವೂ ಅನುಸರಿಸುತ್ತಾರೆ. ಆದರೆ ಇದು ಸಮತಲವಾದ ಎಲೆಗೂ ಚಿಟ್ಟೆಯ ಹರಡಿದ ರೆಕ್ಕೆಗೂ ಸಲ್ಲುವುದೇ ಹೊರತು ಗುಮ್ಮಟದಂತಹ ಬೆನ್ನಿಗಲ್ಲ. ಆ ಬೆನ್ನಿನ ಓರೆಯನ್ನು ಬಿಳಿಯ ಕಾಗದವು ಅರಿಯದು.

ಇವೆಲ್ಲಕ್ಕಿಂತ ಸುಲಭವೂ ನಂಬಲರ್ಹವೂ ಆದ ಪರೀಕ್ಷೆ ಇನ್ನೊಂದಿದೆ. ಒಂದು ಚಿತ್ರವನ್ನು ತೆಗೆದ ಮೇಲೆ, ದೀಪವನ್ನೂ ಕ್ಯಾಮೆರಾವನ್ನೂ ಮುಟ್ಟದೆ, ವಸ್ತುವನ್ನು ಮಾತ್ರ ಇದ್ದಲ್ಲಿಯೇ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಚಿತ್ರವನ್ನು ತೆಗೆಯಬೇಕು. ವಸ್ತುವಿನೊಡನೆ ತಿರುಗಿದ ಕಪ್ಪು ವಸ್ತುವಿನದು. ತಿರುಗದೆ ನಿಂತಲ್ಲೇ ನಿಂತ ಕಪ್ಪು ದೀಪದ್ದು ಇಲ್ಲವೆ ಮಸೂರದ್ದು. ಈ ಕೊನೆಯ ಎರಡನ್ನು ಬೇರ್ಪಡಿಸಬೇಕಾದರೆ ದೀಪವನ್ನು ಎದುರು ಬದಿಗೆ ಸರಿಸಿ ನೋಡಬೇಕು. ಆಗಲೂ ಕದಲದ ಕಪ್ಪು ಮಸೂರದ ಅಂಚಿನ ಮಂಕು. ನಮ್ಮ ಜೀರುಂಡೆಗಳ ವಿಷಯದಲ್ಲಿ ಈ ಒಂದು ಅರ್ಧಸುತ್ತನ್ನು ಅಂದು ತಿರುಗಿಸಿದ್ದರೆ ಆ ಟಿಪ್ಪಣಿಯನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಮತೆಯ ಎಲ್ಲೆ

ಇಷ್ಟು ಹೇಳಿದ ಮೇಲೆ ಸಮತೆಯೇ ಪರಮಗುರಿಯೆಂದು ವಾಚಕರು ಭಾವಿಸಬಾರದು. ಬಣ್ಣ ಮತ್ತು ಮಚ್ಚೆಗಳ ಸಾಕ್ಷ್ಯಕ್ಕೆ ಸಮಬೆಳಕು ಬೇಕು. ಆಕಾರದ ಸಾಕ್ಷ್ಯಕ್ಕೆ ನೆರಳು ಬೇಕು. ನಮ್ಮ ನಾಡಿನ ಸವೆದ ಶಿಲಾಶಾಸನವನ್ನು ಓದಹೊರಟವರು ನಡುಹಗಲಿನ ಬೆಳಕಿನಲ್ಲಿ ಬರಿಯ ಕಲ್ಲನ್ನು ಕಂಡು, ಇಳಿಹೊತ್ತಿನ ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದುಬರುವುದನ್ನು ನೋಡಿರಬಹುದು. ಹಳೆಯ ನಾಣ್ಯಕ್ಕೂ, ಬೀಜದ ಸಿಪ್ಪೆಯ ಮೇಲಿನ ಗೀರುಗಳಿಗೂ, ಜೀರುಂಡೆಯ ರೆಕ್ಕೆಯ ಮೇಲಿನ ಸೂಕ್ಷ್ಮ ಕುಳಿಗಳಿಗೂ ಇದೇ ನ್ಯಾಯ. ಓರೆಬೆಳಕನ್ನು ಮೇಲಿನ ಎಡಗಡೆಯಿಂದ ಕೊಡುವುದು ವೈಜ್ಞಾನಿಕ ಚಿತ್ರಗಳಲ್ಲಿ ರೂಢಿ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಕಣ್ಣು ಮೊದಲೇ ನಂಬಿರುತ್ತದಾದ್ದರಿಂದ, ಕೆಳಗಿನಿಂದ ಬೆಳಗಿಸಿದ ಕುಳಿಯು ಗುಬುಟಾಗಿಯೂ ಗುಬುಟು ಕುಳಿಯಾಗಿಯೂ ತೋರುತ್ತವೆ.

ಆದ್ದರಿಂದ ಮುಖ್ಯವಾದ ಪ್ರತಿಯೊಂದು ಮಾದರಿಗೂ ಎರಡು ಚಿತ್ರಗಳಿರಬೇಕೆಂಬುದು ನಮ್ಮ ಅಭಿಪ್ರಾಯ: ಬಣ್ಣಕ್ಕಾಗಿ ಸಮಬೆಳಕಿನದೊಂದು, ಆಕಾರಕ್ಕಾಗಿ ಓರೆಬೆಳಕಿನದೊಂದು. ಮಾದರಿಯ ಚೀಟಿಯ ಮೇಲೆ ಊರು, ದಿನಾಂಕ, ಸಂಗ್ರಾಹಕರ ಹೆಸರುಗಳನ್ನು ಬರೆಯುವಂತೆ ಚಿತ್ರದ ಚೀಟಿಯ ಮೇಲೆ ದೀಪಗಳ ಸಂಖ್ಯೆ, ದಿಕ್ಕು, ದೂರ ಮತ್ತು ಚದರುಹಾಳೆಯ ಅಳತೆಗಳನ್ನು ಬರೆಯುವ ಪದ್ಧತಿಯನ್ನು ನಮ್ಮ ವಿಭಾಗದಲ್ಲಿ ಆರಂಭಿಸಿದ್ದೇವೆ. ನಾಳೆ ಆ ಚಿತ್ರವನ್ನು ಕೈಗೆತ್ತಿಕೊಳ್ಳುವ ಅಭ್ಯಾಸಿಗೆ ಹುಳುವೂ ದೊರೆಯದಿರಬಹುದು, ನಾವೂ ದೊರೆಯದಿರಬಹುದು. ಅವನು ಕಾಣುವ ಕಪ್ಪು ಯಾರದೆಂದು ಕೇಳಿದಾಗ ಉತ್ತರ ಹೇಳಲು ಆ ಚೀಟಿಯೊಂದಾದರೂ ಇರಬೇಕು.